ಡೆಬಿಯನ್ ವುಡಿ: ಕಾರ್ಡ್ ಸಿಕ್ಕಿದೆ, ದೀಪ ಉರಿಯುತ್ತಿದೆ, ಪಿಂಗ್ ಮಾತ್ರ ಹೋಗುತ್ತಿಲ್ಲ

ಹಳೆಪೆಂಟಿಯಂ

ತಲೆ ಕೆಟ್ಟು ಹೋಗಿದೆ. ಪೆಂಟಿಯಂ 133 ಮೇಲೆ ಡೆಬಿಯನ್ 3.0 ವುಡಿ (ಒಂದು ಹಳೆ ಲಿನಕ್ಸ್) ಹಾಕಿದ್ದೇನೆ. ನೆಟ್‌ವರ್ಕ್ ಒಂದು ಬಿಟ್ಟು ಎಲ್ಲಾ ಸರಿ ಇದೆ. ಐಎಫ್‌ಕಾನ್ಫಿಗ್ ಕಮಾಂಡ್ ಕೊಟ್ಟರೆ ಇಟಿಎಚ್0 (ನೆಟ್‌ವರ್ಕ್ ಕಾರ್ಡಿಗೆ ಲಿನಕ್ಸ್ ಇಟ್ಟ ಹೆಸರು) ಕಾಣುತ್ತದೆ, ಐಪಿ ವಿಳಾಸ ಕೂತಿದೆ, ಕಾರ್ಡಿನ ಹಿಂದೆ ಹಸಿರು ದೀಪ ಉರಿಯುತ್ತಿದೆ. ಆದರೆ ರೂಟರಿಗೆ ಪಿಂಗ್ (ಇದ್ದೀಯಾ ಅಂತ ಕೇಳುವ ಸಣ್ಣ ಸಂದೇಶ) ಕೊಟ್ಟರೆ ಒಂದು ಉತ್ತರವೂ ಬರುವುದಿಲ್ಲ. ಆ ಕಡೆಯಿಂದ ಈ ಕಡೆಗೆ ಕೊಟ್ಟರೂ ಅದೇ ಕಥೆ.

ಕಾರ್ಡ್ ಕೆಟ್ಟಿಲ್ಲ. ಇದೇ ಕಾರ್ಡ್ ಬೇರೆ ಮಷೀನಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಸಿಕ್ಕ ಸಿಕ್ಕ ಹಳೆ ಪುಟಗಳನ್ನೆಲ್ಲ ಓದಿ ಮುಗಿಸಿದ್ದೇನೆ. ದಯವಿಟ್ಟು ಹೊಸ ಲಿನಕ್ಸ್ ಹಾಕಿ ಅನ್ನಬೇಡಿ. ಇರುವುದೇ 32 ಎಂಬಿ ರ್‍ಯಾಮ್, ನನಗೆ ವುಡಿಯೇ ಬೇಕು. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ತಂತಿಜಾಡು

ನೂರಕ್ಕೆ ನೂರು ಕೇಬಲ್ ಅಥವಾ ಸ್ವಿಚ್. ಹಳೆ ಕಾರ್ಡುಗಳು ಬರೀ 10 ಮೆಗಾಬಿಟ್. ಈಗಿನ 2.5 ಗಿಗಾಬಿಟ್ ಪೋರ್ಟುಗಳಲ್ಲಿ ಎಷ್ಟೋ 10 ಮೆಗಾಬಿಟ್ಟಿಗೆ ಇಳಿಯುವುದೇ ಇಲ್ಲ. ಯಾವ ಸ್ವಿಚ್ಚಿಗೆ ಹಾಕಿದ್ದೀರಿ? ಮೊದಲು ಕೇಬಲ್ ಬದಲಿಸಿ ನೋಡಿ.

ಮಣೆಗೆಲಸ

ಕಾರ್ಡ್ ಯಾವುದು ಅಂತಲೇ ಹೇಳಿಲ್ಲವಲ್ಲ ಸಾರ್. ಪಿಸಿಐ ಕಾರ್ಡೋ, ಅದಕ್ಕಿಂತ ಹಳೆ ಸ್ಲಾಟಿನ ಐಎಸ್‌ಎ ಕಾರ್ಡೋ? ಕರ್ನಲ್ (ಲಿನಕ್ಸಿನ ತಿರುಳು) ಯಾವುದು? ವುಡಿಯಲ್ಲಿ ಸುಮ್ನೆ ಎಂಟರ್ ಒತ್ತಿದರೆ 2.2.20 ಬರುತ್ತದೆ, ಬಿಎಫ್24 ಅಂತ ಟೈಪ್ ಮಾಡಿ ಬೂಟ್ ಮಾಡಿದ್ದರೆ 2.4.18. ಐಎಸ್‌ಎ ಪ್ಲಗ್ ಅಂಡ್ ಪ್ಲೇ (ಕಾರ್ಡಿನ ಸೆಟ್ಟಿಂಗ್ ತಾನಾಗಿ ಹೊಂದಿಸುವುದು) ವಿಷಯದಲ್ಲಿ ಈ ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. 2.4 ಅದನ್ನು ಕರ್ನಲ್ ಒಳಗೇ ನೋಡಿಕೊಳ್ಳುತ್ತದೆ. 2.2ಕ್ಕೆ ಹೊರಗಿನಿಂದ ಐಎಸ್‌ಎಪಿಎನ್‌ಪಿ ಟೂಲ್ಸ್ ಬೇಕು.

ಡಿಮೆಸೆಜ್‌ನಲ್ಲಿ (ಕರ್ನಲ್ ಬರೆಯುವ ಸಂದೇಶಗಳ ಪಟ್ಟಿ) ಇಟಿಎಚ್0 ಇರುವ ಸಾಲುಗಳನ್ನು ಪೂರ್ತಿ ಹಾಕಿ. /ಪ್ರೊಕ್/ಇಂಟರಪ್ಟ್ಸ್ (ಯಾವ ಕಾರ್ಡ್ ಎಷ್ಟು ಸಲ ಪ್ರೊಸೆಸರನ್ನು ಕರೆಯಿತು ಅನ್ನುವ ಎಣಿಕೆ) ಕೂಡ ಹಾಕಿ. ಪಿಂಗ್ ಓಡುತ್ತಿರುವಾಗಲೇ ಅದನ್ನು ತೆಗೆಯಿರಿ.

ಹಳೆಪೆಂಟಿಯಂ

ಕೇಬಲ್ ಬದಲಿಸಿದೆ, ಏನೂ ಆಗಲಿಲ್ಲ. ಅದೇ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಓಡುತ್ತದೆ.

ಕಾರ್ಡ್ ಮಾಮೂಲಿ ಎನ್‌ಇ2000. ಮೇಲೆ ಆರ್‌ಟಿಎಲ್8019ಎಎಸ್ ಚಿಪ್ ಇದೆ, ಹಿಂದೆ ಬಿಎನ್‌ಸಿ ಕೂಡ ಇದೆ. ಕಪ್ಪು ಉದ್ದ ಸ್ಲಾಟಿನಲ್ಲಿ, ಅಂದರೆ ಐಎಸ್‌ಎಯಲ್ಲಿ, ಕೂತಿದೆ. ಕರ್ನಲ್ 2.2.20.

ಬೂಟ್ ಆಗುವಾಗ 300 ಹೆಕ್ಸ್‌ನಲ್ಲಿ ಎನ್‌ಇ2000 ಸಿಕ್ಕಿತು, ಐಆರ್‌ಕ್ಯೂ 5 (ಇಂಟರಪ್ಟ್ ಹೋಗುವ ಗೆರೆಯ ನಂಬರ್) ಬಳಸುತ್ತಿದ್ದೇನೆ ಅನ್ನುತ್ತದೆ; 300 ಹೆಕ್ಸ್ ಅದರ ಐಒ ವಿಳಾಸ. ಆಮೇಲೆ ಪಿಂಗ್ ಶುರು ಮಾಡಿದರೆ ಇದು ಸ್ಕ್ರೀನ್ ತುಂಬಾ ಬರುತ್ತದೆ:

ಇಟಿಎಚ್0: ಟಿಎಕ್ಸ್ ಟೈಮ್ಡ್ ಔಟ್, ಲಾಸ್ಟ್ ಇಂಟರಪ್ಟ್? ಟಿಎಸ್‌ಆರ್=0ಎಕ್ಸ್3, ಐಎಸ್‌ಆರ್=0ಎಕ್ಸ್3

ಇಂಟರಪ್ಟ್ಸ್ ಆಮೇಲೆ ಹಾಕುತ್ತೇನೆ.

ತಂತಿಜಾಡು

ನೋಡಿ, ಟೈಮ್ಡ್ ಔಟ್ ಅಂತ ಅದೇ ಹೇಳುತ್ತಿದೆ. ಕಳಿಸಿದ್ದು ತಂತಿಯ ಆ ತುದಿಗೆ ಮುಟ್ಟುತ್ತಿಲ್ಲ. ಇದು ಡ್ಯೂಪ್ಲೆಕ್ಸ್ ಜಗಳ (ಫುಲ್ ಅಂದರೆ ಕಳಿಸುವುದು, ಪಡೆಯುವುದು ಒಟ್ಟಿಗೇ; ಹಾಫ್ ಅಂದರೆ ಒಂದು ಸಲಕ್ಕೆ ಒಂದೇ). 8019ಎಎಸ್‌ಗೆ ಫುಲ್ ಡ್ಯೂಪ್ಲೆಕ್ಸ್ ಬರುತ್ತದೆ, ಆದರೆ ಸ್ವಿಚ್ಚಿನ ಜೊತೆ ಮಾತಾಡಿ ತೀರ್ಮಾನ ಮಾಡಲು ಬರುವುದಿಲ್ಲ. ಆ ಕಡೆಯಿಂದ ಉತ್ತರ ಬರದಿದ್ದರೆ ಸ್ವಿಚ್ ಹಾಫ್ ಅಂದುಕೊಳ್ಳುತ್ತದೆ. ಕಾರ್ಡ್ ಫುಲ್, ಸ್ವಿಚ್ ಹಾಫ್ ಆದರೆ ಎಲ್ಲಾ ಹಾಳು. ಎಲ್ಲಾದರೂ ಒಂದು ಹಳೆ 10 ಮೆಗಾಬಿಟ್ ಹಬ್ ಹುಡುಕಿ ನಡುವೆ ಹಾಕಿ.

ಬೂಟ್‌ಫ್ಲಾಪಿ

ಬೂಟ್ ಆಗುವಾಗ ಎನ್‌ಇ ಡ್ರೈವರ್ ತನ್ನ ತಾರೀಖು ಹೇಳುತ್ತದೆ, ಗಮನಿಸಿದ್ದೀರಾ? 1994ರ ಸೆಪ್ಟೆಂಬರ್. ಅಷ್ಟು ಹಳೆ ಡ್ರೈವರ್ ಮೇಲೆ ಯಾಕೆ ಇಷ್ಟು ಗುದ್ದಾಟ? ಲಿನಕ್ಸ್ ಬಿಟ್ಟು ಇನ್ನೊಂದು ಸಿಸ್ಟಂ ಆದ ನೆಟ್‌ಬಿಎಸ್‌ಡಿ ಹಾಕಿ ನೋಡಿ. ಜನರಿಕ್ ಕರ್ನಲ್ಲಿನಲ್ಲೇ 300 ಹೆಕ್ಸ್, ಐಆರ್‌ಕ್ಯೂ 10 ಬರೆದಿಟ್ಟಿದ್ದಾರೆ. ಕಾರ್ಡನ್ನು ಅದಕ್ಕೆ ಹೊಂದಿಸಿದರೆ ಮುಗೀತು. ನನ್ನ ಹತ್ತಿರ ಒಂದು 486 ಡಿಎಕ್ಸ್2 ಹಾಗೇ ಓಡುತ್ತಿದೆ.

ಮಣೆಗೆಲಸ

ಬೂಟ್‌ಫ್ಲಾಪಿ ಅವರೇ, ಹಳೆಯದು ಅಂದ ಮಾತ್ರಕ್ಕೆ ಆ ಡ್ರೈವರ್ ಕೆಟ್ಟದ್ದಲ್ಲ. ಬರೆದದ್ದು ಡೊನಾಲ್ಡ್ ಬೆಕರ್. ನಾಸಾದ ಗಾಡರ್ಡ್ ಕೇಂದ್ರದಲ್ಲಿ ಮೊದಲ ಬಿಯೊವುಲ್ಫ್ ಕ್ಲಸ್ಟರ್ (ಮಾಮೂಲಿ ಪಿಸಿಗಳನ್ನು ಜೋಡಿಸಿ ಮಾಡಿದ ದೊಡ್ಡ ಕಂಪ್ಯೂಟರ್) ಕಟ್ಟಿದವರಲ್ಲಿ ಒಬ್ಬರು. ಅದೇ 1994ರಲ್ಲಿ 16 ಡಿಎಕ್ಸ್4 ಪ್ರೊಸೆಸರ್‌ಗಳನ್ನು ಇದೇ 10 ಮೆಗಾಬಿಟ್ ಈಥರ್ನೆಟ್ಟಿನಲ್ಲಿ ಜೋಡಿಸಿದರು. ಡ್ರೈವರಿಗೆ ಇಲ್ಲಿ ಏನೂ ಆಗಿಲ್ಲ. ನೋಡಲು ಹೋದರೆ ಅದು ನಮಗೆ ಉತ್ತರವನ್ನೇ ಹೇಳುತ್ತಿದೆ.

ತಂತಿಜಾಡು ಅವರೇ, ಆ ಸಾಲನ್ನು ಪೂರ್ತಿ ಓದಿ. ಎನ್‌ಇ ಕಾರ್ಡಿಗೆ ಬಳಸುವ 8390 ಡ್ರೈವರ್ ಟೈಮ್ ಔಟ್ ಆದಾಗ ಮೂರರಲ್ಲಿ ಒಂದು ಮಾತು ಬರೆಯುತ್ತದೆ. ಡಿಕ್ಕಿ ಜಾಸ್ತಿ ಆಗಿ ಕಳಿಸುವುದನ್ನು ಕೈಬಿಟ್ಟಿದ್ದರೆ ಎಕ್ಸೆಸ್ ಕೊಲಿಷನ್ಸ್. ಅದಿಲ್ಲದೆ, ಕಾರ್ಡಿನ ಐಎಸ್‌ಆರ್ (ಇಂಟರಪ್ಟ್ ಸ್ಥಿತಿ) ರಿಜಿಸ್ಟರಿನಲ್ಲಿ ಏನಾದರೂ ಇದ್ದರೆ ಲಾಸ್ಟ್ ಇಂಟರಪ್ಟ್. ಅದರಲ್ಲೂ ಏನೂ ಇಲ್ಲದಿದ್ದರೆ ಕೇಬಲ್ ಪ್ರಾಬ್ಲಮ್. ಇಲ್ಲಿ ಬಂದಿರುವುದು ಎರಡನೆಯದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಐಎಸ್‌ಆರ್ 3 ಅಂದರೆ ಕೆಳಗಿನ ಎರಡು ಬಿಟ್ ಏರಿವೆ. 1 ಅಂದರೆ ಒಂದು ಪ್ಯಾಕೆಟ್ ತಪ್ಪಿಲ್ಲದೆ ಒಳಗೆ ಬಂದಿದೆ. 2 ಅಂದರೆ ಒಂದು ಪ್ಯಾಕೆಟ್ ತಪ್ಪಿಲ್ಲದೆ ಹೊರಗೆ ಹೋಗಿದೆ. ಕೇಬಲ್ ಸರಿ ಇಲ್ಲದೆ ಈ ಎರಡೂ ಆಗಲು ಸಾಧ್ಯವೇ? ತಂತಿ ಚೆನ್ನಾಗಿದೆ, ಸ್ವಿಚ್ ಚೆನ್ನಾಗಿದೆ. ಕಾರ್ಡ್ ತನ್ನ ಕೆಲಸ ಮುಗಿಸಿ ಒಂದು ಬಾಗಿಲು ತಟ್ಟುತ್ತಿದೆ, ಕರ್ನಲ್ ಇನ್ನೊಂದು ಬಾಗಿಲಲ್ಲಿ ಕಾಯುತ್ತಿದೆ.

ಹಳೆಪೆಂಟಿಯಂ ಅವರೇ, ಐಆರ್‌ಕ್ಯೂ 5 ಅಂತ ಎಲ್ಲಿಂದ ಬಂತು? ನೀವು ಕೊಟ್ಟಿದ್ದಾ?

ತಂತಿಜಾಡು

ಬಿಟ್ಟಿನ ಲೆಕ್ಕ ಒಪ್ಪುತ್ತೇನೆ. ಆದರೂ ಹಬ್ ಹಾಕಿ ನೋಡಿದರೆ ನಷ್ಟ ಏನು? ಇಂಥ ಎಷ್ಟೋ ಕೇಸು ಕೊನೆಗೆ ಕೇಬಲ್ಲಿನಲ್ಲೇ ಮುಗಿದಿವೆ.

ಹಳೆಪೆಂಟಿಯಂ

ಹೌದು, ಐಆರ್‌ಕ್ಯೂ 5 ನಾನೇ ಕೊಟ್ಟಿದ್ದು. ಹಿಂದಿನ ಮಷೀನಿನಲ್ಲಿ ಅದೇ ಇತ್ತು. /ಇಟಿಸಿ/ಮಾಡ್ಯೂಲ್ಸ್.ಕಾನ್ಫ್ ಕಡತದಲ್ಲಿ ಈ ಸಾಲು ಇದೆ:

ಆಪ್ಷನ್ಸ್ ಎನ್‌ಇ ಐಒ=0ಎಕ್ಸ್300 ಐಆರ್‌ಕ್ಯೂ=5

ಪಿಂಗ್ ಓಡುವಾಗ ತೆಗೆದ ಇಂಟರಪ್ಟ್ಸ್ ಇಲ್ಲಿದೆ, ಬೇಕಾದ ಸಾಲು ಮಾತ್ರ:

0: 184213 ಎಕ್ಸ್‌ಟಿ-ಪಿಐಸಿ ಟೈಮರ್
1: 2307 ಎಕ್ಸ್‌ಟಿ-ಪಿಐಸಿ ಕೀಬೋರ್ಡ್
5: 0 ಎಕ್ಸ್‌ಟಿ-ಪಿಐಸಿ ಎನ್‌ಇ2000
14: 9120 ಎಕ್ಸ್‌ಟಿ-ಪಿಐಸಿ ಐಡಿಇ0

ಹೇಳುವುದಕ್ಕೆ ಬಿಟ್ಟಿದ್ದೆ, ಸೌಂಡ್ ಬ್ಲಾಸ್ಟರ್ 16 ಕೂಡ ಇದೆ. ಅದರ ಮಾಡ್ಯೂಲ್ ಇನ್ನೂ ಹಾಕಿಲ್ಲ.

ಮಣೆಗೆಲಸ

5ರ ಎದುರಿಗೆ ಸೊನ್ನೆ ಇದೆ. ಇಷ್ಟು ಪಿಂಗ್ ಕೊಟ್ಟ ಮೇಲೂ ಒಂದೇ ಒಂದು ಇಂಟರಪ್ಟ್ ಕರ್ನಲ್ಲಿಗೆ ಮುಟ್ಟಿಲ್ಲ.

ಐಆರ್‌ಕ್ಯೂ ಕೊಟ್ಟರೆ ಎನ್‌ಇ ಡ್ರೈವರ್ ಅದನ್ನು ಪರೀಕ್ಷಿಸುವುದಿಲ್ಲ, ನೀವು ಹೇಳಿದ್ದನ್ನು ನಂಬಿಬಿಡುತ್ತದೆ. ಕೊಡದಿದ್ದರೆ ತಾನೇ ಕಾರ್ಡಿನಿಂದ ಒಂದು ಇಂಟರಪ್ಟ್ ಹೊಡೆಸಿ ಯಾವ ಗೆರೆ ಅಲ್ಲಾಡಿತು ಅಂತ ನೋಡುತ್ತದೆ. ಐಒ ಮಾತ್ರ ಕೊಡಲೇಬೇಕು. ಮಾಡ್ಯೂಲ್ ಆಗಿ ಹಾಕಿದಾಗ ಅದನ್ನು ಡ್ರೈವರ್ ತಾನಾಗಿ ಹುಡುಕುವುದಿಲ್ಲ, ಯಾಕೆಂದರೆ ಕುರುಡಾಗಿ ಪೋರ್ಟ್ ಮುಟ್ಟಿದರೆ ಬೇರೆ ಯಾವುದಾದರೂ ಕಾರ್ಡ್ ಸಿಕ್ಕಿ ಮಷೀನೇ ನಿಂತುಹೋಗಬಹುದು. ನಿಮ್ಮ ಐಒ ಸರಿ ಇದೆ. ಐಎಫ್‌ಕಾನ್ಫಿಗ್‌ನಲ್ಲಿ ಹಾರ್ಡ್‌ವೇರ್ ವಿಳಾಸ ಎಲ್ಲಾ ಸೊನ್ನೆ ಅಥವಾ ಎಲ್ಲಾ ಎಫ್‌ಎಫ್ ಬರದೆ ಸರಿಯಾಗಿ ಕಂಡರೆ ಅದೇ ಸಾಕ್ಷಿ.

ಮಾಡ್ಯೂಲ್ ತೆಗೆದು, ಐಆರ್‌ಕ್ಯೂ ಇಲ್ಲದೆ ಮತ್ತೆ ಹಾಕಿ:

ಆರ್‌ಎಂಮಾಡ್ ಎನ್‌ಇ
ಇನ್ಸ್‌ಮಾಡ್ ಎನ್‌ಇ ಐಒ=0ಎಕ್ಸ್300

ಸೌಂಡ್ ಕಾರ್ಡಿನ ಮಾಮೂಲಿ ಐಆರ್‌ಕ್ಯೂ 5. ಆದ್ದರಿಂದ ಅದು ಹೇಗೂ ನಿಮಗೆ ಬೇಡ. ಆಮೇಲೆ ಸೌಂಡ್ ಹಾಕಿದಾಗ ಮತ್ತೆ ಕಿತ್ತಾಟ ಶುರುವಾಗುತ್ತದೆ.

ಬೂಟ್‌ಫ್ಲಾಪಿ

ಸೌಂಡ್ ಕಾರ್ಡ್ ಕಿತ್ತು ಹಾಕಿ, ಎಲ್ಲಾ ಸರಿ ಹೋಗುತ್ತದೆ. ಸರ್ವರಿಗೆ ಸೌಂಡ್ ಯಾಕೆ?

ಹಳೆಪೆಂಟಿಯಂ

ಇದು ಸರ್ವರ್ ಅಂತ ನಾನು ಹೇಳಿಲ್ಲ. ಸೌಂಡ್ ಬೇಕು.

ಐಆರ್‌ಕ್ಯೂ ಇಲ್ಲದೆ ಹಾಕಿದೆ. ಈಗ ಮಾಡ್ಯೂಲೇ ಕೂರುತ್ತಿಲ್ಲ. ಐಆರ್‌ಕ್ಯೂ ಗೆರೆ ಪತ್ತೆ ಆಗಲಿಲ್ಲ ಅಂತ ಬರೆದು ಹೊರಗೆ ಬರುತ್ತದೆ. ಮೊದಲು ಇಟಿಎಚ್0 ಆದರೂ ಇತ್ತು, ಈಗ ಅದೂ ಇಲ್ಲ.

ಮಣೆಗೆಲಸ

ಬೇಜಾರು ಮಾಡಿಕೊಳ್ಳಬೇಡಿ, ಇದು ಒಳ್ಳೆ ಸುಳಿವು. ಕಾರ್ಡ್ ಇಂಟರಪ್ಟ್ ಹೊಡೆದರೂ ಅದು ಎಲ್ಲೂ ಮುಟ್ಟುತ್ತಿಲ್ಲ. ಒಂದೋ ಕಾರ್ಡ್ ಯಾವ ಐಆರ್‌ಕ್ಯೂಗೆ ಸೆಟ್ ಆಗಿದೆಯೋ ಅದನ್ನು ಇನ್ಯಾರೋ ಹಿಡಿದಿದ್ದಾರೆ, ಇಲ್ಲ ಬಯಾಸ್ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಪ್ರೋಗ್ರಾಂ) ಆ ಗೆರೆಯನ್ನು ಪಿಸಿಐಗೆ ಕೊಟ್ಟುಬಿಟ್ಟಿದೆ. ಬಯಾಸ್ ಹಾಗೆ ಕೊಟ್ಟರೆ ಐಎಸ್‌ಎ ಸ್ಲಾಟಿನಿಂದ ಬರುವ ಸದ್ದು ಯಾರಿಗೂ ಕೇಳಿಸದು.

ಕಾರ್ಡ್ ಏನು ಹೇಳುತ್ತದೆ ಅಂತ ಕಾರ್ಡನ್ನೇ ಕೇಳೋಣ. ಡಾಸ್ ಫ್ಲಾಪಿಯಿಂದ ಬೂಟ್ ಮಾಡಿ, ಫ್ರೀಡಾಸ್ ಆದರೂ ನಡೆಯುತ್ತದೆ. ಇಎಂಎಂ386 (ಡಾಸ್ ಮೆಮೊರಿ ಡ್ರೈವರ್) ಬೇಡ, ಬೇರೇನನ್ನೂ ಲೋಡ್ ಮಾಡಬೇಡಿ. ಆರ್‌ಸೆಟ್8019 (ಈ ಕಾರ್ಡಿನ ಸೆಟ್ಟಿಂಗ್ ಪ್ರೋಗ್ರಾಂ) ಓಡಿಸಿ. ಕಾರ್ಡಿನ ಇಇಪ್ರಾಮ್‌ನಲ್ಲಿ (ಸೆಟ್ಟಿಂಗ್ ಉಳಿಸುವ ಚಿಪ್) ಇರುವ ಐಒ, ಐಆರ್‌ಕ್ಯೂ, ಮೀಡಿಯಾ ಮೂರೂ ಕಾಣುತ್ತವೆ. ಪ್ಲಗ್ ಅಂಡ್ ಪ್ಲೇ ಇದ್ದರೆ ಜಂಪರ್‌ಲೆಸ್‌ಗೆ ಬದಲಿಸಿ. 2.2 ಕರ್ನಲ್ಲಿಗೆ ಅದೇ ಸುಖ.

ತಂತಿಜಾಡು

ಅಲ್ಲಿಗೆ ಹೋದಾಗ ಡ್ಯೂಪ್ಲೆಕ್ಸ್ ಕೂಡ ನೋಡಿ. ಫುಲ್ ಇದ್ದರೆ ತೆಗೆದುಬಿಡಿ. ಈಗ ತೊಂದರೆ ಅದಲ್ಲದಿದ್ದರೂ ನಾಳೆ ದೊಡ್ಡ ಕಡತ ಕಳಿಸುವಾಗ ಅದೇ ಕಾಡುತ್ತದೆ. ಮೀಡಿಯಾ 10ಬೇಸ್-ಟಿ ಅಂತ ಬಿಗಿಯಾಗಿ ಇಡಿ, ಬಿಎನ್‌ಸಿ ಕಡೆ ಹೋಗದಿರಲಿ.

ಮಣೆಗೆಲಸ

ಇದು ಸರಿಯಾದ ಮಾತು. ಖಂಡಿತ ನೋಡಿ.

ಹಳೆಪೆಂಟಿಯಂ

ನೋಡಿದೆ. ಜಂಪರ್‌ಲೆಸ್ ಇದೆ, ಐಒ 300, ಐಆರ್‌ಕ್ಯೂ 10. ಮೀಡಿಯಾ ಆಟೋ ಇತ್ತು, 10ಬೇಸ್-ಟಿ ಮಾಡಿದೆ. ಫುಲ್ ಡ್ಯೂಪ್ಲೆಕ್ಸ್ ಆಫ್ ಇದೆ.

ಐಆರ್‌ಕ್ಯೂ=10 ಕೊಟ್ಟು ಮಾಡ್ಯೂಲ್ ಹಾಕಿದೆ. ಕೂತಿತು, ಇಟಿಎಚ್0 ವಾಪಸ್ ಬಂತು. ಪಿಂಗ್ ಇಲ್ಲ. ಇಂಟರಪ್ಟ್ಸ್‌ನಲ್ಲಿ ಈಗ 10ರ ಎದುರಿಗೆ ಸೊನ್ನೆ.

ಬೂಟ್‌ಫ್ಲಾಪಿ

10 ಅಂದ್ರಾ? ನೆಟ್‌ಬಿಎಸ್‌ಡಿಯಲ್ಲಿ ಇದು ಕೂತ ಕೂಡಲೇ ಓಡುತ್ತಿತ್ತು. ನಾನು ಮೊದಲೇ ಹೇಳಿದ್ದೆ.

ಮಣೆಗೆಲಸ

ಓಡುತ್ತಿರಲಿಲ್ಲ. ಇಂಟರಪ್ಟ್ ಮದರ್‌ಬೋರ್ಡಿನಲ್ಲೇ ನಿಂತುಹೋದರೆ ಯಾವ ಸಿಸ್ಟಂ ಹಾಕಿದರೂ ಅಷ್ಟೇ.

ಹಳೆಪೆಂಟಿಯಂ ಅವರೇ, ಬಯಾಸ್ ಒಳಗೆ ಹೋಗಿ. ಪಿಎನ್‌ಪಿ/ಪಿಸಿಐ ಕಾನ್ಫಿಗರೇಷನ್ ಅಂತ ಒಂದು ಪುಟ ಇರುತ್ತದೆ. ರಿಸೋರ್ಸಸ್ ಕಂಟ್ರೋಲ್ಡ್ ಬೈ ಅನ್ನುವುದು ಆಟೋ ಇದ್ದರೆ ಮ್ಯಾನ್ಯುಯಲ್ ಮಾಡಿ. ಆಗ ಐಆರ್‌ಕ್ಯೂ 3ರಿಂದ 15ರವರೆಗೆ ಪಟ್ಟಿ ತೆರೆದುಕೊಳ್ಳುತ್ತದೆ. 10ನ್ನು ಲೆಗಸಿ ಐಎಸ್‌ಎ (ಹಳೆ ಐಎಸ್‌ಎ ಕಾರ್ಡಿಗೆ ಮೀಸಲು) ಮಾಡಿ. ಸೌಂಡ್ ಕಾರ್ಡಿಗಾಗಿ 5 ಕೂಡ ಹಾಗೇ ಮಾಡಿ. ಪಿಎನ್‌ಪಿ ಓಎಸ್ ಇನ್‌ಸ್ಟಾಲ್ಡ್ ಅನ್ನುವುದು ನೋ ಇರಲಿ. ಆಮೇಲೆ ಪೂರ್ತಿ ಪವರ್ ಆಫ್ ಮಾಡಿ ಆನ್ ಮಾಡಿ, ಬರೀ ರೀಬೂಟ್ ಸಾಲದು.

ಹಳೆಪೆಂಟಿಯಂ

ಬಂತು!!! ಪಿಂಗ್ ಬಂತು!

ಬಯಾಸ್‌ನಲ್ಲಿ 10 ಮತ್ತು 11 ಎರಡೂ ಪಿಸಿಐ ಅಂತ ಇದ್ದವು. 10 ಲೆಗಸಿ ಮಾಡಿದೆ. ಈಗ ಬೂಟ್ ಆಗುವಾಗ ಬರುವ ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡ್ 11ರಲ್ಲಿದೆ. ಐಆರ್‌ಕ್ಯೂ ಹೇಳದೆ ಮಾಡ್ಯೂಲ್ ಹಾಕಿದರೂ ಡ್ರೈವರ್ ತಾನೇ 10 ಅಂತ ಹಿಡಿಯಿತು. ಇಂಟರಪ್ಟ್ಸ್‌ನಲ್ಲಿ ಸಂಖ್ಯೆ ಓಡುತ್ತಿದೆ. ಅದನ್ನೇ ನೋಡುತ್ತಾ ಕೂತಿದ್ದೇನೆ. ಮಣೆಗೆಲಸ ಸಾರ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಆದರೆ ಒಂದು ಉಳಿದಿದೆ. ಮಾಡ್ಯೂಲ್ಸ್.ಕಾನ್ಫ್‌ನಲ್ಲಿ 5 ತೆಗೆದು 10 ಬರೆದೆ. ಬೇರೆ ಒಂದು ಪ್ಯಾಕೇಜ್ ಹಾಕಿದ ಮೇಲೆ ನೋಡಿದರೆ ಮತ್ತೆ 5 ಆಗಿದೆ!

ಮಣೆಗೆಲಸ

ಡೆಬಿಯನ್‌ನಲ್ಲಿ ಆ ಕಡತವನ್ನು ನೇರವಾಗಿ ಮುಟ್ಟಬಾರದು. ಅದನ್ನು ಅಪ್‌ಡೇಟ್-ಮಾಡ್ಯೂಲ್ಸ್ ಅನ್ನುವ ಸ್ಕ್ರಿಪ್ಟ್ ತಯಾರಿಸುತ್ತದೆ, ಕಡತದ ತಲೆಯಲ್ಲೇ ಹಾಗಂತ ಬರೆದಿದೆ. ಮೂಲ ಇರುವುದು /ಇಟಿಸಿ/ಮಾಡ್‌ಯುಟಿಲ್ಸ್ ಫೋಲ್ಡರಿನಲ್ಲಿ. ಅಲ್ಲಿ ಯಾವುದೋ ಕಡತದಲ್ಲಿ ನಿಮ್ಮ ಹಳೆ ಸಾಲು ಕೂತಿದೆ. ಗ್ರೆಪ್ ಹಾಕಿ ಹುಡುಕಿ, ತಿದ್ದಿ, ಅಪ್‌ಡೇಟ್-ಮಾಡ್ಯೂಲ್ಸ್ ಓಡಿಸಿ.

ಬೂಟ್‌ಫ್ಲಾಪಿ

ಸ್ಪೀಡ್ ಎಷ್ಟು ಬರುತ್ತಿದೆ? ನನ್ನ 486ರಲ್ಲಿ 3ಸಿ509 ಇದೆ. ಪಕ್ಕದಲ್ಲಿ ಒಂದು ಪೆಂಟಿಯಂ ಪ್ರೊ, ಅದರಲ್ಲಿ ಟ್ಯೂಲಿಪ್ ಚಿಪ್ಪಿನ ಕಾರ್ಡ್, 100 ಮೆಗಾಬಿಟ್. ಅದಕ್ಕೆ ಪಿಸಿಐ ಇರುವುದರಿಂದ ಐಆರ್‌ಕ್ಯೂ ತಲೆನೋವೇ ಇಲ್ಲ, ನಾಲ್ಕು ಕಾರ್ಡ್ ಒಂದೇ ಗೆರೆ ಹಂಚಿಕೊಂಡರೂ ನಡೆಯುತ್ತದೆ. ಮೂರನೆಯದರಲ್ಲಿ ಸ್ಕಸಿ ಡಿಸ್ಕ್ ಹಾಕಿದ್ದೇನೆ, ಸದ್ದು ಕೇಳಲೇ ಖುಷಿ.

ತಂತಿಜಾಡು

ನಾನು 10ಬೇಸ್2 (ಬಿಎನ್‌ಸಿ ಕೇಬಲ್ಲಿನ ನೆಟ್‌ವರ್ಕ್) ಇಟ್ಟುಕೊಂಡಿದ್ದೇನೆ. ಎರಡೂ ತುದಿಗೆ 50 ಓಮ್ ಟರ್ಮಿನೇಟರ್, ನಡುವೆ ಟಿ ಕನೆಕ್ಟರ್. ಸ್ವಿಚ್ಚೇ ಬೇಡ.

ಹಳೆಪೆಂಟಿಯಂ

ಎಫ್‌ಟಿಪಿಯಲ್ಲಿ ಸೆಕೆಂಡಿಗೆ 700 ಕಿಲೋಬೈಟಿನ ಆಸುಪಾಸು ಬರುತ್ತಿದೆ. ಎನ್‌ಇ2000ನಲ್ಲಿ ಪ್ರತಿ ಬೈಟನ್ನೂ ಪ್ರೊಸೆಸರೇ ಹೊರಬೇಕು, ಇಷ್ಟು ಬಂದಿದ್ದೇ ನನಗೆ ಸಂತೋಷ. ಮಾಡ್‌ಯುಟಿಲ್ಸ್ ತಿದ್ದಿದೆ, ಪವರ್ ಆಫ್ ಮಾಡಿ ಆನ್ ಮಾಡಿದರೂ ನಿಂತಿದೆ. ಸೌಂಡ್ 5ರಲ್ಲಿ ಓಡುತ್ತಿದೆ.

ಈಗ ಆಪ್ಟ್-ಗೆಟ್ ಅಪ್‌ಡೇಟ್ (ಪ್ಯಾಕೇಜ್ ಪಟ್ಟಿ ತರುವ ಕಮಾಂಡ್) ಕೊಟ್ಟರೆ ಎಲ್ಲಾ ಕಡೆ 404, ಅಂದರೆ ಕಡತ ಸಿಗಲಿಲ್ಲ ಅಂತ, ಬರುತ್ತಿದೆ. ಇದಕ್ಕೂ ಬಯಾಸ್‌ಗೂ ಸಂಬಂಧ ಇಲ್ಲ ತಾನೇ?

ಮಣೆಗೆಲಸ

ಇಲ್ಲ ಇಲ್ಲ. ವುಡಿಯನ್ನು ಮಾಮೂಲಿ ಸರ್ವರುಗಳಿಂದ ಯಾವತ್ತೋ ತೆಗೆದಿದ್ದಾರೆ. ಸೋರ್ಸಸ್.ಲಿಸ್ಟ್‌ನಲ್ಲಿ ಆರ್ಕೈವ್.ಡೆಬಿಯನ್.ಆರ್ಗ್ ಹಾಕಿ, ಎಚ್‌ಟಿಟಿಪಿ ಮಾತ್ರ, ಎಚ್‌ಟಿಟಿಪಿಎಸ್ ಬೇಡ. ವುಡಿಯ ಆಪ್ಟ್ ಸಹಿ ನೋಡುವುದಿಲ್ಲ, ಆದ್ದರಿಂದ ಕೀ ಅವಧಿ ಮುಗಿದಿದೆ ಅನ್ನುವ ತಕರಾರೂ ಬರದು. ಸಹಿ ಪರೀಕ್ಷೆ ಇಲ್ಲದ ಮಷೀನ್ ಅನ್ನುವುದು ನೆನಪಿರಲಿ. ಅದನ್ನು ನೇರವಾಗಿ ಹೊರಗಿನ ನೆಟ್ಟಿಗೆ ತೆರೆದಿಡಬೇಡಿ, ರೂಟರಿನ ಹಿಂದೆಯೇ ಇರಲಿ. ಮತ್ತೆ ಏನಾದರೂ ಬಂದರೆ ಬೇರೆ ಚರ್ಚೆ ಶುರು ಮಾಡಿ, ಹುಡುಕುವವರಿಗೆ ಸುಲಭ ಆಗುತ್ತದೆ.