ಓದುಗರ ಸ್ಪಂದನ: ಹಾಜರಿ ಪುಸ್ತಕದ ಒಂಬತ್ತು

(ಎಂಟನೇ ತರಗತಿಯ ಮಗನ ನಡಿಗೆ, ದನಿಗಳನ್ನು ಸಹಪಾಠಿಗಳು ಅಣಕಿಸುತ್ತಾರೆ, ಹೆದರಿ ಅವನು ಶಾಲೆಯ ಶೌಚಾಲಯಕ್ಕೂ ಹೋಗುವುದಿಲ್ಲ, ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ತರಗತಿಯಲ್ಲಿ ತಿಳಿಹೇಳಿ ಎಂದರೆ ‘ಉಳಿದ ಮಕ್ಕಳು ಕೆಡುತ್ತಾರೆ’ ಎಂಬ ಉತ್ತರ ಬಂತು ಎಂದು ದಾವಣಗೆರೆಯ ತಾಯಿಯೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು.)

ಸೋದರಿ, ನಿಮ್ಮ ಪತ್ರ ಓದುತ್ತಿದ್ದಂತೆ ನನ್ನ ತರಗತಿಯಲ್ಲಿ ಹಾಜರಿ ಸಂಖ್ಯೆ ಒಂಬತ್ತಾಗಿದ್ದ ಹುಡುಗ ಕಣ್ಣ ಮುಂದೆ ಬಂದ. ನಾನು ‘ಒಂಬತ್ತು’ ಎಂದೊಡನೆ ಹಿಂದಿನ ಬೆಂಚುಗಳಿಂದ ಕಿಸಕ್ಕನೆ ನಗು ಕೇಳಿಬರುತ್ತಿತ್ತು. ಆ ಅಂಕಿ ಬೀದಿಯಲ್ಲಿ ಎಂಥ ಬೈಗುಳವೆಂದು ಗೊತ್ತಿದ್ದೂ ನಾನು ತಲೆಯೆತ್ತದೆ ಹತ್ತನೆಯವನನ್ನು ಕರೆಯುತ್ತಿದ್ದೆ. ಅವನ ‘ಹಾಜರ್ ಟೀಚರ್’ ದಿನೇದಿನೇ ಸಣ್ಣದಾಗುತ್ತ ಹೋಗಿ, ಕೊನೆಗೆ ಬೆಂಚಿನ ಮೇಲೆ ಅರ್ಧ ಎತ್ತಿದ ಕೈಯೊಂದೇ ಉಳಿಯಿತು. ಮುಂದಿನ ವರ್ಷದಿಂದ ಮಕ್ಕಳನ್ನು ಹೆಸರು ಹಿಡಿದೇ ಕರೆದೆನಾದರೂ, ಆ ನಗು ಆಟದ ಮೈದಾನದಲ್ಲಿ ಮುಂದುವರಿದೇ ಇತ್ತು. ಬೈಗುಳವನ್ನು ಮಕ್ಕಳು ಆಗಲೇ ಕಲಿತು ಬಂದಿರುವಾಗ, ಅದು ಯಾರಿಗೆ ತಗಲುತ್ತದೋ ಆ ಮನುಷ್ಯರ ಬಗ್ಗೆ ಹೇಳಿದರೆ ಮಾತ್ರ ಕೆಡುತ್ತಾರೆ ಎನ್ನುವುದನ್ನು ನಾನು ಒಪ್ಪಲಾರೆ. ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗ್ಗೆ, ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ 2021ರಲ್ಲಿ ಶಿಕ್ಷಕರಿಗಾಗಿ ಸಿದ್ಧಪಡಿಸಿದ್ದ ಕೈಪಿಡಿಯನ್ನು, ಆಕ್ಷೇಪ ಬಂದ ಕೂಡಲೇ ಜಾಲತಾಣದಿಂದ ತೆಗೆದದ್ದು ನನ್ನಂಥವರಿಗೆ ದೊಡ್ಡ ನಷ್ಟ. ಆದರೂ ಹದಿಹರೆಯದ ಪಾಠ ಮಾಡುವಾಗ ನಾನೀಗ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರ ಬದುಕನ್ನು ಹೇಳುತ್ತೇನೆ. ಆ ಹೊತ್ತು ತರಗತಿ ತುಂಬ ಶ್ರದ್ಧೆಯಿಂದ ಕೇಳುತ್ತದೆ.
– ಪ್ರೌಢಶಾಲಾ ಶಿಕ್ಷಕಿ, ಹಾವೇರಿ

ಅಮ್ಮಾ, ನಿಮ್ಮ ಮಗ ಮುಂದೆ ತನ್ನನ್ನು ಏನೆಂದು ಗುರುತಿಸಿಕೊಳ್ಳುವನೋ ಅದನ್ನು ಅವನೇ ಹೇಳಲಿ. ದೂರು ಕೊಡಲು ಆ ಉತ್ತರಕ್ಕಾಗಿ ಕಾಯಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಯಾವ ಮಗುವಿಗೂ ಮಾನಸಿಕ ಹಿಂಸೆ ಆಗಕೂಡದೆನ್ನುತ್ತದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಗೆಂದು 2019ರಲ್ಲಿ ಬಂದ ಕಾಯ್ದೆಯ 13ನೇ ಕಲಂ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿಯೊಂದು ಶಾಲೆಯೂ ಅವರನ್ನು ಒಳಗೊಳ್ಳುವ ಶಿಕ್ಷಣವನ್ನು ತಾರತಮ್ಯವಿಲ್ಲದೆ ನೀಡಬೇಕೆಂದು ವಿಧಿಸಿದೆ. ಬಾಯಿಮಾತಿನಲ್ಲಿ ಬಿಡದೆ, ಈ ಎರಡು ಕಲಂಗಳನ್ನು ಉಲ್ಲೇಖಿಸಿ ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದು, ಸ್ವೀಕೃತಿ ಪಡೆದು, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೂ ಕೊಡಿ.
– ವಕೀಲರು, ಧಾರವಾಡ

ಶಾಲೆಯಲ್ಲಿ ಶೌಚಾಲಯಕ್ಕೆ ಹೋಗಬೇಕಾದೀತೆಂಬ ಭಯದಿಂದ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಇರುತ್ತಿದ್ದ ಸಲಿಂಗಿ ಹುಡುಗ ನಾನು. ತುಂಬಿದ ಬಾಟಲಿಯನ್ನು ಮನೆಯ ತಿರುವಿನಲ್ಲಿ ಚೆಲ್ಲಿ ಒಳಗೆ ಹೋಗುತ್ತಿದ್ದೆ, ಅಮ್ಮನಿಗೆ ತಿಳಿಯದಿರಲೆಂದು. ನನ್ನಂಥವರೂ ಲೋಕದಲ್ಲಿದ್ದಾರೆ ಎಂಬ ಒಂದು ವಾಕ್ಯ ಪಾಠದಲ್ಲಿ ಬಂದಿದ್ದರೆ, ಪಕ್ಕದಲ್ಲಿ ಕೂರುವ ಒಬ್ಬ ಗೆಳೆಯನಾದರೂ ಸಿಗುತ್ತಿದ್ದನೇನೋ. ಪಠ್ಯ ಬದಲಾಗುವವರೆಗೆ ಮಗನನ್ನು ಕಾಯಿಸಬೇಡಿ, ಅಕ್ಕಾ. ಶಿಕ್ಷಕರ ಶೌಚಾಲಯವನ್ನು ಬಳಸಲು ಅವನಿಗೆ ನಾಳೆಯೇ ಅನುಮತಿ ಕೇಳಿ. ಸಂಜೆ ಅವನ ಬಾಟಲಿ ಖಾಲಿಯಾಗಿ ಬಂದರೂ, ಅವನು ನೀರು ಕುಡಿದನೇ ಎಂದು ಮೆಲ್ಲಗೆ ವಿಚಾರಿಸಿ.
– ಓದುಗ, ಬೆಂಗಳೂರು