ಓಣಿಯಲ್ಲಿ ಸತ್ಯವೇದ (ಬೈಬಲ್) ಅಧ್ಯಯನ ಕೂಟ ಶುರು ಮಾಡಬೇಕು, ಎಲ್ಲಿಂದ ಹಿಡಿಯಲಿ?

ಕೇಶ್ವಾಪುರ_ಸೊಸೆ:
ಎಲ್ಲರಿಗೂ ವಂದನೆ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಏಳೆಂಟು ಮನೆಯವರು ಒಂದೇ ಸಭೆಗೆ, ಅಂದ್ರೆ ಒಂದೇ ಚರ್ಚಿಗೆ, ಹೋಗುತ್ತೇವೆ. ವಾರಕ್ಕೊಮ್ಮೆ ಸಂಜೆ ಕೂತು ಸತ್ಯವೇದ ಓದೋಣ ಅಂತ ಮಾತಾಗಿದೆ, ನಡೆಸೋಳು ನಾನೇ ಅಂತೆ! ಇಬ್ಬರು ಅಜ್ಜಿಯರಿಗೆ ಓದು ಬರುವುದಿಲ್ಲ. ಕಾಲೇಜು ಹುಡುಗರಿಗೆ ಕನ್ನಡ ಓದೋದು ಕಷ್ಟ. ನಾನೋ ಬ್ಯಾಂಕಿನ ಕ್ಲರ್ಕ್, ದೇವತಾಶಾಸ್ತ್ರ ಓದಿದವಳಲ್ಲ. ಸತ್ಯವೇದದೊಳಗಿನ ಯಾವ ಪುಸ್ತಕ ತಗೊಳ್ಳಲಿ? ಹಿಂದೆ ಮನೆಮನೆಯಲ್ಲಿ ನಡೀತಿದ್ದ ಪ್ರಾರ್ಥನಾ ಕೂಟ (ಕಾಟೇಜ್ ಪ್ರೇಯರ್) ಚರ್ಚಿನ ಉಪದೇಶದ ಹಾಗೆ ಇನ್ನೊಂದು ಪ್ರಸಂಗವಾಗಿ ನಿಂತೇಹೋಯ್ತು, ಅದೇ ಹೆದರಿಕೆ.

ಪ್ರವೀಣ್_ಎಚ್‌ಬಿಎಲ್:
ಸತ್ಯವೇದದ ಕೊನೇ ಪುಸ್ತಕ ಪ್ರಕಟನೆ ಹಿಡೀರಿ ಸಿಸ್ಟರ್. ಮೃಗ, 666 ಅಂದ್ರೆ ಹುಡುಗರೆಲ್ಲ ಓಡಿಬರ್ತಾರೆ.

ಬೆಟಗೇರಿ_ಟೀಚರ್:
ಬರೂದೇನೋ ಬರತಾರ ತಮ್ಮಾ, ಮೂರನೇ ವಾರಕ್ಕ ಯೂಟ್ಯೂಬಿನ ವಾದ ತಂದು ಜಗಳಾ ಹಚ್ಚತಾರ. ಪ್ರಕಟನೆ ಕಡೀಕ ಇರಲಿ.

ತಂಗೀ, ಮಾರ್ಕನ ಸುವಾರ್ತೆ ಹಿಡಿ. ಯೇಸುಸ್ವಾಮಿ ಕಥಿ ಹೇಳೂ ನಾಕು ಸುವಾರ್ತೆದಾಗ ಅದ ಸಣ್ಣದು, 16 ಅಧ್ಯಾಯ. ಒಂದ ಸಂಜಿಗೆ ಒಂದ ಘಟನೆ ಸಾಕು, ಅಧ್ಯಾಯ ಮುಗಸೂ ಗಡಿಬಿಡಿ ಬ್ಯಾಡ.

ಒಬ್ಬೊಬ್ಬರಿಗೆ ಒಂದೊಂದ ವಚನ ಓದಸೂದು ಬಿಡು. ಓದು ಬಾರದವರು ತಮ್ಮ ಪಾಳಿ ಬಂದಾಗ ‘ಚಾಳೀಸ ಮರತ ಬಂದೇನಿ’ ಅಂತಾರ, ಮುಂದಿನ ವಾರ ಬರೂದ ಇಲ್ಲ. ಒಬ್ಬರು ಗಟ್ಟ್ಯಾಗಿ ಓದಲಿ, ಉಳದವರು ಕೇಳಲಿ. ಹುಡುಗರು ಮೊಬೈಲ್‌ನಾಗ ಇಂಗ್ಲಿಷ್ ನೋಡಕೊಂಡ್ರ ನೋಡಲಿ.

ಆಮ್ಯಾಲೆ ಒಂದ ಪ್ರಶ್ನೆ ಕೇಳಿ ಸುಮ್ನ ಕೂಡು. ಬಾಳ ತ್ರಾಸಿನ ಕೆಲಸ ಇದು. ಯಾರೂ ಬಾಯಿ ಬಿಡಲಿಲ್ಲಂತ ನೀನ ಉತ್ತರ ಹೇಳಿದಿ ಅಂದ್ರ ಅಲ್ಲಿಗೆ ಪ್ರಸಂಗ ಚಾಲೂ. ನಮ್ಮಲ್ಲಿ ಮಾರ್ಕ 2 ಓದಿದ್ವಿ. ಪಾರ್ಶ್ವವಾಯು ಆದಾಂವನ್ನ ನಾಕು ಮಂದಿ ಹೊತಗೊಂಡ ಬಂದು, ಮಾಳಗಿ ಅಗದು ಹಾಸಿಗಿ ಸಮೇತ ಇಳಿಬಿಡತಾರಲ್ಲ, ಅದು. ಹುಡುಗರಿಗೆ ಸ್ಲ್ಯಾಬ್ ಹೆಂಗ ಅಗದ್ರಂತ ಅನುಮಾನ. ಮಣ್ಣಿನ ಮಾಳಗಿ ಮನ್ಯಾಗ ಬೆಳದ ಮುದಕಿ ಒಬ್ಬಾಕಿ ಜಂತಿ, ಬೆಳಕಿಂಡಿ, ಮ್ಯಾಲಿನ ಮಣ್ಣು ಎಲ್ಲಾ ಕೈಮಾಡಿ ತೋರಸಿ, ‘ಕೆಳಗ ಕುಂತವರ ತಲಿಮ್ಯಾಲೆ ಮಣ್ಣ ಉದರಿರಬೇಕಲ್ಲಾ, ಯಾರೂ ಬೈಲಿಲ್ಲೇನು?’ ಅಂದ್ಲು. ಎಲ್ಲಾರೂ ನಕ್ಕು ಮಾತಿಗೆ ಬಂದ್ರು. ನಾ ಕೇಳಿದ್ದು ಇಷ್ಟ: ಯೇಸುಸ್ವಾಮಿ ನೋಡಿದ್ದು ಯಾರ ನಂಬಿಕಿ, ಮಲಗಿದಾಂವಂದೋ, ಹೊತ್ತವರದೋ? 5ನೇ ವಚನ ಮತ್ತ ಓದಸಿದ್ವಿ. ಅದರ ಮ್ಯಾಲೇ ಅರ್ಧ ತಾಸು ಹೋತು. ಒಟ್ಟ ಒಂದ ತಾಸಿಗೆ ಮುಗಸು, ಇನ್ನೂ ಮಾತು ಉಳದ್ರೂ ಏಳು.

ಚಹಾ ಅಷ್ಟ ಕೊಡ್ರಿ. ಒಂದ ಮನ್ಯಾಗ ಚುರಮರಿ ಆತಂದ್ರ ಮುಂದಿನ ಮನ್ಯಾಗ ಮಿರ್ಚಿ, ಅದರ ಮುಂದ ಶಿರಾ-ಉಪ್ಪಿಟ್ಟು. ಕೂಲಿ ಮಾಡೂ ಮನಿಯವರು ‘ಈ ಸಲ ನಮ್ಮನ್ಯಾಗ ಬ್ಯಾಡ್ರೀ’ ಅಂತಾರ. ಪ್ರಾರ್ಥನಾ ವಿಷಯ ಕಡೀಕ ಹತ್ತ ನಿಮಿಷ; ಮೊದಲ ಇಟ್ರ ಊರ ಸುದ್ದಿ ಆಗತೈತಿ. ಸಭೆಯ ಅಯ್ಯನವರಿಗೆ (ಪಾಸ್ಟರಿಗೆ) ಮುಂಚೇನ ತಿಳಸು, ಹಿಂದಿಂದ ಗೊತ್ತಾದ್ರ ಬ್ಯಾರೆ ಸಭೆ ಕಟ್ಟಾಕ ಹೊಂಟಾರಂತ ತಿಳಕೋತಾರ.

ಕುಲಶೇಖರ_ಕುಡ್ಲ:
ನಾವು ಕಥೋಲಿಕರು. ಚರ್ಚಿನ ನಮ್ಮ ವಾರ್ಡಿನವರು ಸೇರಿ ಬರುವ ಭಾನುವಾರದ ಶುಭಸಂದೇಶವನ್ನೇ (ಸುವಾರ್ತೆಯ ಭಾಗವನ್ನೇ) ಮುಂಚಿತವಾಗಿ ಓದುತ್ತೇವೆ. ಚರ್ಚಿನ ಬಲಿಪೂಜೆಯ (ಮಾಸ್) ಭಾನುವಾರದ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಮೊದಲೇ ಗೊತ್ತಾಗಿರುವುದರಿಂದ ಯಾವ ಪುಸ್ತಕ ಎಂಬ ಚರ್ಚೆಯೇ ಇಲ್ಲ. ಓದಿದ ಮೇಲೆ ಮನಸ್ಸಿಗೆ ತಾಗಿದ ಒಂದು ವಾಕ್ಯ ಮಾತ್ರ ಹೇಳಬೇಕು, ವಿವರಣೆ ಬೇಡ. ನಾಚಿಕೆಯವರೂ ಬಾಯಿ ಬಿಡ್ತಾರೆ ಮಾರಾಯ್ರೆ.

ಕೇಶ್ವಾಪುರ_ಸೊಸೆ:
ಟೀಚರ್, ಬಹಳ ಉಪಕಾರ ಆಯ್ತು. ಇನ್ನೊಂದೇ ಚಿಂತೆ. ನಮ್ಮಲ್ಲಿ ಒಬ್ಬ ಹಿರಿಯರು ಮಾತು ಹಿಡಿದರೆ ಬಿಡೋದೇ ಇಲ್ಲ. ಮಾವನವರ ಗೆಳೆಯರು ಬೇರೆ, ನಾನು ‘ಸಾಕು’ ಅನ್ನೋ ಹಾಗಿಲ್ಲ.

ಬೆಟಗೇರಿ_ಟೀಚರ್:
ಅವರಿಗೇ ಓದೂ ಕೆಲಸ ಕೊಡು. ಮುಂದಿನ ವಾರದ ಭಾಗ ಮನ್ಯಾಗ ಎರಡ ಸಲ ಓದಕೊಂಡ ಬರ್ರಿ ಕಾಕಾ ಅನ್ನು, ಖುಷಿ ಆಗತಾರ. ಮತ್ತ ಅವರ ಎದರಿಗೆ ಕೂಡಬ್ಯಾಡ, ನಿನ್ನ ಮಾರಿ ನೋಡಕೋತ ಮಾತಾಡಕೋತ ಹೊಂಟಬಿಡತಾರ. ಬಾಜೂಕ ಕೂಡು. ಉಸರ ತಗೊಳ್ಳೂದ್ರಾಗ ‘ಕಾಕಾ, ಅಜ್ಜಿ ಏನೋ ಹೇಳಾಕತ್ತಾಳ’ ಅನ್ನಾಕ ಬರತೈತಿ.