ಸೇನಾ ನೆಲೆಯಲ್ಲಿ ಅಲಾರಂ ಕಂಟ್ರೋಲ್ ರೂಮ್ ಕೆಲಸ ಹೇಗಿರುತ್ತದೆ?

ಪ್ರಶ್ನೆ: ನಿವೃತ್ತ ಹವಾಲ್ದಾರ್, ಚಿಂತಾಮಣಿ

ಮಾನ್ಯರೇ, ಸೇನೆಯ ಸಿಗ್ನಲ್ಸ್ (ಸಂಪರ್ಕ) ವಿಭಾಗದಿಂದ ನಿವೃತ್ತನಾಗಿ ಇತ್ತೀಚೆಗೆ ಊರಿಗೆ ಮರಳಿದ್ದೇನೆ. ಸೇನಾ ನೆಲೆಗಳನ್ನು ಕಾಯುವ ರಕ್ಷಣಾ ಭದ್ರತಾ ದಳಕ್ಕೆ (ಡಿಎಸ್‌ಸಿ) ಮರುಸೇರ್ಪಡೆಯಾಗುವ ಆಲೋಚನೆಯಿದೆ. ಅಲ್ಲಿ ಅಲಾರಂ ಪ್ಯಾನೆಲ್ ನೋಡಿಕೊಳ್ಳುವ ಡ್ಯೂಟಿ ಸಿಕ್ಕರೆ ಕಲಿತ ವಿದ್ಯೆ ಉಪಯೋಗಕ್ಕೆ ಬಂದೀತು ಎಂಬುದು ನನ್ನ ಲೆಕ್ಕ. ಒಬ್ಬರು ಅದನ್ನು ಕುರ್ಚಿಯಲ್ಲಿ ಕುಳಿತು ಸಂಬಳ ಪಡೆಯುವ ಕೆಲಸ ಎನ್ನುತ್ತಾರೆ, ಇನ್ನೊಬ್ಬರು ರಾತ್ರಿ ಪಾಳಿಯಲ್ಲಿ ತಲೆ ಕೆಡುತ್ತದೆ ಎನ್ನುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಡಿಎಸ್‌ಸಿಯಲ್ಲಿದ್ದವನು, ಬಂಗಾರಪೇಟೆ

ಹವಾಲ್ದಾರ್ ಸಾಹೇಬರೇ, ನೀವು ಕೇಳಿದ ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. 1947ರಲ್ಲಿ ಆರಂಭವಾದ ಈ ದಳದ ಕೇಂದ್ರ ಕೇರಳದ ಕಣ್ಣೂರಿನಲ್ಲಿದೆ. ಪೋಸ್ಟಿಂಗ್ ದೇಶದ ಯಾವ ಮೂಲೆಗಾದರೂ ಆಗಬಹುದಾದ್ದರಿಂದ, ಚಿಂತಾಮಣಿಯಿಂದ ದಿನಾ ಓಡಾಡುವಷ್ಟು ಹತ್ತಿರದ ಯಲಹಂಕವೇ ಸಿಗುತ್ತದೆಂದು ಮನೆಯಲ್ಲಿ ಮಾತು ಕೊಡಬೇಡಿ. ಕಂಟ್ರೋಲ್ ರೂಮ್ ಡ್ಯೂಟಿಯೇ ಬೇಕೆಂದು ಕೇಳಿ ಪಡೆಯುವಂತೆಯೂ ಇಲ್ಲ. ಗೇಟು, ವಾಚ್ ಟವರ್, ಗಸ್ತು ಎಲ್ಲವೂ ಸರದಿಯಲ್ಲಿ ಬರುತ್ತವೆ.

ಕೆಲಸದ ಕಷ್ಟವಿರುವುದು ನಿದ್ದೆಗೆಡುವುದರಲ್ಲಿ ಅಲ್ಲ, ಸುಳ್ಳು ಅಲಾರಂಗಳಲ್ಲಿ. ಗಾಳಿಗೆ ಬೇಲಿ ಅಲುಗಿದರೂ ಕೋತಿ ಹತ್ತಿದರೂ ಬಜರ್ ಕೂಗುತ್ತದೆ. ಒಂದೇ ಝೋನ್ (ಪ್ಯಾನೆಲಿನಲ್ಲಿ ಪ್ರತ್ಯೇಕವಾಗಿ ತೋರಿಸುವ ಕಾವಲಿನ ಒಂದು ಭಾಗ) ಪದೇ ಪದೇ ಕೂಗಿದಾಗ, ‘ಇದು ಮತ್ತೆ ಅದೇ ಕೋತಿ’ ಎಂದು ಕೈ ತಾನಾಗಿ ಗುಂಡಿಯತ್ತ ಹೋಗುತ್ತದೆ. ಬಜರ್ ಸದ್ದು ನಿಲ್ಲಿಸುವುದು ಬೇರೆ, ಅಲಾರಂ ರೀಸೆಟ್ ಮಾಡುವುದು, ಅಂದರೆ ಪ್ಯಾನೆಲನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವುದು ಬೇರೆ. ಕ್ಯಾಮೆರಾದಲ್ಲಿ ನೋಡಿ, ಗಸ್ತಿನವರನ್ನು ಕಳುಹಿಸಿ, ಅವರು ಸ್ಥಳದಿಂದ ವಾಕಿಟಾಕಿಯಲ್ಲಿ ವರದಿ ಕೊಟ್ಟ ಮೇಲಷ್ಟೇ ರೀಸೆಟ್ ಮಾಡಬೇಕು. ಸಮಯ, ಝೋನ್, ಕಾರಣ ಆಗಲೇ ರಿಜಿಸ್ಟರಿಗೆ ಬರಬೇಕು. ಪಾಳಿ ಮುಗಿಯುವಾಗ ಒಟ್ಟಿಗೆ ಬರೆದ ರಿಜಿಸ್ಟರನ್ನು ಅಧಿಕಾರಿಗಳು ಕೈಬರಹ ನೋಡಿಯೇ ಗುರುತಿಸುತ್ತಾರೆ.

ಯಾವ ನೆಲೆ, ಎಷ್ಟು ಕ್ಯಾಮೆರಾ ಎಂಬ ವಿವರವನ್ನು ಇಂಥ ಕಡೆ ಯಾರೂ ಕೇಳಬಾರದು, ಹೇಳಲೂಬಾರದು. 1923ರ ಅಧಿಕೃತ ರಹಸ್ಯ ಕಾಯ್ದೆ ನಿವೃತ್ತರನ್ನೂ ಬಿಡುವುದಿಲ್ಲ.

ಉತ್ತರ 2: ಅಲಾರಂ ತಂತ್ರಜ್ಞ, ತುಮಕೂರು

ನಾನು ವಸಂತನರಸಾಪುರದ ಕಾರ್ಖಾನೆಗಳಲ್ಲಿ ಇಂಥ ವ್ಯವಸ್ಥೆಗಳನ್ನು ದುರಸ್ತಿ ಮಾಡುವವನು. ಸೇನೆಯ ಒಳಗಿನದು ಗೊತ್ತಿಲ್ಲವಾದರೂ ಸೆನ್ಸರ್‌ಗಳ ಸ್ವಭಾವ ಎಲ್ಲೆಡೆ ಒಂದೇ. ಪಿಐಆರ್ ಸೆನ್ಸರ್ ಮನುಷ್ಯನ ಮೈಶಾಖಕ್ಕೂ ಹಿನ್ನೆಲೆಯ ಶಾಖಕ್ಕೂ ಇರುವ ವ್ಯತ್ಯಾಸವನ್ನು ಗ್ರಹಿಸುತ್ತದೆ. ಆದ್ದರಿಂದ ಏಪ್ರಿಲ್ ಮಧ್ಯಾಹ್ನ ಗೋಡೆಯೂ ಮೈಯಷ್ಟೇ ಬಿಸಿಯಾದಾಗ ಅದು ಮಂಕಾಗುತ್ತದೆ. ಮೈಕ್ರೋವೇವ್ ಬೇಲಿಯ, ಅಂದರೆ ಎರಡು ಕಂಬಗಳ ನಡುವೆ ಹಾಯುವ ಕಣ್ಣಿಗೆ ಕಾಣದ ತರಂಗಗಳ ದಾರಿಯಲ್ಲಿ ಹುಲ್ಲು ಬೆಳೆದರೆ ಸುಳ್ಳು ಅಲಾರಂ ಹೆಚ್ಚುತ್ತದೆ. ಎಷ್ಟೋ ಕಡೆ ನಾನು ಹೇಳುವ ದುರಸ್ತಿಯೆಂದರೆ ಹುಲ್ಲು ಕೊಯ್ಯಿಸುವುದು. ಕೂಗುವ ಝೋನಿಗಿಂತ ತಿಂಗಳಾನುಗಟ್ಟಲೆ ಸದ್ದೇ ಮಾಡದ ಝೋನಿನ ಮೇಲೆ ಅನುಮಾನವಿರಲಿ. ಅಲ್ಲಿ ಒಬ್ಬರನ್ನು ನಡೆಸಿ ಪರೀಕ್ಷಿಸಿ, ಬ್ಯಾಟರಿಯನ್ನೂ ನೋಡಿ.

ಊರಿನ ಹತ್ತಿರವೇ ಇರಬೇಕೆಂದರೆ ಖಾಸಗಿ ಕಂಟ್ರೋಲ್ ರೂಮ್‌ಗಳೂ ಇವೆ. ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆಯಡಿ ಪರವಾನಗಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಮಳೆಗಾಲದಲ್ಲಿ ಒಂದು ಝೋನ್ ಬಿಡದೆ ಕೂಗುತ್ತಿದ್ದರೆ ಅದನ್ನು ಬೈಪಾಸ್ ಮಾಡುವ (ತಾತ್ಕಾಲಿಕವಾಗಿ ಅಲಾರಂನಿಂದ ಹೊರಗಿಡುವ) ಅಧಿಕಾರ ಪ್ಯಾನೆಲ್ ಮುಂದಿರುವವನಿಗೆ ಇರುತ್ತದೆಯೇ?

ಉತ್ತರ 1, ಬಂಗಾರಪೇಟೆ:

ಕೈಗೆ ಸ್ವಿಚ್ ಸಿಗುತ್ತದೆ, ಆದರೆ ಅಧಿಕಾರ ನಿಮ್ಮದಲ್ಲ. ಡ್ಯೂಟಿ ಅಧಿಕಾರಿಯ ಅನುಮತಿ ಪಡೆದು, ಅವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು, ಆ ಜಾಗಕ್ಕೆ ಸಂತ್ರಿ ಬಂದು ನಿಂತ ಮೇಲೆಯೇ ಬೈಪಾಸ್ ಮಾಡಿ. ಪಾಳಿ ಬದಲಾಗುವಾಗ ಬರುವವರಿಗೆ ಬಾಯಲ್ಲಿಯೂ ಹೇಳಿ, ಅವರ ಸಹಿ ತೆಗೆದುಕೊಳ್ಳಿ.